ಶಾಲಾ ಗ್ರಂಥಾಲಯ: 3,000 ಪುಸ್ತಕ, 620 ಮಕ್ಕಳು, ಒಬ್ಬರೇ ಉಸ್ತುವಾರಿ. ಎಲ್ಲಿಂದ ಶುರು ಮಾಡುವುದು?

ಹೊಸ ಉಸ್ತುವಾರಿ

ಒಟ್ಟು 16 ತರಗತಿ. 3,000 ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಾಜಿನ ಬೀರುಗಳಲ್ಲಿ ಬೀಗದ ಹಿಂದೆ ಇವೆ. ಪ್ರತಿ ತರಗತಿಗೆ ವಾರಕ್ಕೊಮ್ಮೆ 40 ನಿಮಿಷದ ಪೀರಿಯಡ್. ಪೂರ್ಣಾವಧಿ ಗ್ರಂಥಪಾಲಕರಿಲ್ಲ, ಪಾಠದ ನಡುವೆ ಒಬ್ಬರು ಶಿಕ್ಷಕರೇ ನೋಡಿಕೊಳ್ಳಬೇಕು. ಪೋಷಕರಲ್ಲಿ ಹನ್ನೆರಡು ಮಂದಿ ಸಹಾಯಕ್ಕೆ ಬರಲು ಸಿದ್ಧರಿದ್ದಾರೆ. ಈ ವರ್ಷ ಪುಸ್ತಕ ಮೇಳವೂ ಆಗಬೇಕು. ಮೊದಲು ಯಾವ ಕೆಲಸ ಹಿಡಿಯುವುದು? ತಂತ್ರಾಂಶ ಬೇಕೇ? ತಡವಾದರೆ ದಂಡ ಹಾಕಬೇಕೇ? "ಯಾವ ಪುಸ್ತಕ ಓದಲಿ?" ಎಂದು ಕೇಳುವ ಮಗುವಿಗೆ ಏನು ಹೇಳಬೇಕು?

ಕಪಾಟಿನಂಚು

ಬೀಗ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮೊದಲು ಒಳಗಿರುವುದನ್ನು ಜರಡಿ ಹಿಡಿಯಿರಿ. ಹೆಚ್ಚಿನ ಕಡೆ ಇದು ತಿರುಗುಮುರುಗಾಗಿ ನಡೆಯುತ್ತದೆ. ಮೂರು ಸಾವಿರಕ್ಕೂ ನಂಬರು ಹಾಕಿ, ಹೊದಿಕೆ ಹಾಕಿ, ಪಟ್ಟಿ ಟೈಪ್ ಮಾಡಿ ಮುಗಿಸಿದ ಮೇಲೆ ಅದರಲ್ಲಿ ನೂರಾರು ಪುಸ್ತಕಗಳನ್ನು ಯಾವ ಮಗುವೂ ಮುಟ್ಟುವುದಿಲ್ಲ ಎಂದು ಗೊತ್ತಾಗುತ್ತದೆ. ಅಷ್ಟು ಮೈಮುರಿದು ದುಡಿದ ಮೇಲೆ ತೆಗೆದುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಎಲ್ಲವನ್ನೂ ಕೆಳಗಿಳಿಸಿ ನಾಲ್ಕು ರಾಶಿ ಮಾಡಿ: ಇರಲಿ, ರಿಪೇರಿ, ತೆಗೆ, ಗೊತ್ತಿಲ್ಲ. ಕೊನೆಯ ರಾಶಿ ನೂರು ದಾಟಿತೆಂದರೆ ನಿರ್ಧರಿಸಲು ಹಿಂಜರಿಯುತ್ತಿದ್ದೀರಿ ಎಂದೇ ಅರ್ಥ. ಕಥೆ, ಕವಿತೆಗೆ ಪುಸ್ತಕದ ವಯಸ್ಸು ಮುಖ್ಯವಲ್ಲ, ಸ್ಥಿತಿ ಮುಖ್ಯ. ಮಾಹಿತಿ ಪುಸ್ತಕಕ್ಕೆ ವಯಸ್ಸೇ ಮುಖ್ಯ. ಬೇಗ ನೋಡಲು ಮೂರು ಪರೀಕ್ಷೆ ಸಾಕು. ಖಗೋಳದ ಪುಸ್ತಕ ಪ್ಲೂಟೊವನ್ನು ಒಂಬತ್ತನೇ ಗ್ರಹ ಎನ್ನುತ್ತಿದ್ದರೆ ಅದು 2006ಕ್ಕಿಂತ ಹಿಂದಿನ ತಿಳಿವಳಿಕೆ. ಭೂಪಟದಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಗಿ ಕಾಣದಿದ್ದರೆ 2011ಕ್ಕಿಂತ ಹಳೆಯದು. ಆವರ್ತಕ ಕೋಷ್ಟಕದಲ್ಲಿ 113, 115, 117, 118ನೇ ಧಾತುಗಳಿಗೆ ಹೆಸರಿಲ್ಲದಿದ್ದರೆ 2016ಕ್ಕಿಂತ ಹಿಂದಿನದು. ಕಂಪ್ಯೂಟರ್ ಪುಸ್ತಕಗಳನ್ನು ತೆರೆದು ನೋಡುವ ಅಗತ್ಯವೂ ಹೆಚ್ಚಾಗಿ ಇರುವುದಿಲ್ಲ.

ಮುಗ್ಗಲು ವಾಸನೆ ಬರುವುದನ್ನು ಕೂಡಲೇ ಚೀಲಕ್ಕೆ ಹಾಕಿ ಬೇರೆ ಇಡಿ. ಒಂದರಿಂದ ಹತ್ತಕ್ಕೆ ಹರಡಲು ಒಂದು ಮಳೆಗಾಲ ಸಾಕು. ಶಾಲೆಯ ಹಳೆಯ ವಾರ್ಷಿಕ ಸಂಚಿಕೆ, ಲೇಖಕರ ಸಹಿ ಇರುವ ಪ್ರತಿ, ಈಗ ಅಚ್ಚಿನಲ್ಲಿಲ್ಲದ ಒಳ್ಳೆಯ ಪುಸ್ತಕ, ಇವನ್ನು ಬಳಕೆ ಇಲ್ಲ ಎಂಬ ಕಾರಣಕ್ಕೆ ಎಸೆಯಬೇಡಿ.

ತೆಗೆದದ್ದನ್ನು ಇನ್ನೊಂದು ಶಾಲೆಗೆ ‘ದಾನ’ ಮಾಡುವ ಚಾಳಿ ಇದೆ. ನಿಮ್ಮ ಮಕ್ಕಳಿಗೆ ಬೇಡವಾದ ತಪ್ಪು ಭೂಪಟ ಅಲ್ಲಿನ ಮಕ್ಕಳಿಗೂ ತಪ್ಪೇ.

ಲೆಕ್ಕದ ಪುಸ್ತಕ

ಮೇಲಿನದಕ್ಕೆ ಒಂದು ತಿದ್ದುಪಡಿ. ಹಳೆಯ ಅಕ್ಸೆಷನ್ ರಿಜಿಸ್ಟರಿನಲ್ಲಿ (ಬಂದ ಪ್ರತಿ ಪುಸ್ತಕವನ್ನೂ ನಂಬರು ಕೊಟ್ಟು ದಾಖಲಿಸುವ ಪುಸ್ತಕ) ಈಗಾಗಲೇ ಹತ್ತಿರುವ ಪುಸ್ತಕಗಳನ್ನು ಸುಮ್ಮನೆ ಹೊರಗಿಡುವಂತಿಲ್ಲ. ತೆಗೆಯುವವುಗಳ ಪಟ್ಟಿ ಮಾಡಿ, ಮುಖ್ಯೋಪಾಧ್ಯಾಯರ ಅಥವಾ ಸಮಿತಿಯ ಒಪ್ಪಿಗೆ ಪಡೆದು, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ತಾರೀಖು, ಕಾರಣ ಬರೆದು, ಪುಸ್ತಕದ ಮುದ್ರೆಯ ಮೇಲೆ ‘ರದ್ದು’ ಹಾಕಿ. ಆ ನಂಬರನ್ನು ಇನ್ನೆಂದೂ ಬೇರೆ ಪುಸ್ತಕಕ್ಕೆ ಕೊಡಬೇಡಿ. ಖಾಲಿ ನಂಬರು ತುಂಬಿಸಲು ಹೋದರೆ ಮುಂದಿನ ಸ್ಟಾಕ್ ಪರಿಶೀಲನೆಯಲ್ಲಿ ಒಂದೇ ನಂಬರಿಗೆ ಎರಡು ಪುಸ್ತಕ ಎದ್ದು ಕೂರುತ್ತವೆ.

ಉಳಿದ ಪ್ರತಿಯೊಂದಕ್ಕೂ ಅಕ್ಸೆಷನ್ ನಂಬರ್ ಮೂರು ಕಡೆ ಇರಲಿ: ಶೀರ್ಷಿಕೆ ಪುಟದ ಹಿಂಬದಿ, ಒಂದು ಗುಪ್ತ ಪುಟ (ಗುರುತಿಗೆಂದು ನೀವೇ ಆರಿಸಿಕೊಂಡ ಒಳಪುಟ), ಕೊನೆಯ ಪುಟ. ಗುಪ್ತ ಪುಟ ಎಲ್ಲ ಪುಸ್ತಕಕ್ಕೂ ಒಂದೇ ಆಗಿರಬೇಕು, ಉದಾಹರಣೆಗೆ 21. ದೊಡ್ಡವರ ಗ್ರಂಥಾಲಯದಲ್ಲಿ 51ನೇ ಪುಟದಂಥದ್ದನ್ನು ಆರಿಸುವುದುಂಟು. ಮಕ್ಕಳ ಎಷ್ಟೋ ಪುಸ್ತಕಗಳಲ್ಲಿ ಆ ಪುಟವೇ ಇರುವುದಿಲ್ಲ, ಆದ್ದರಿಂದ ಆ ನಿಯಮ ಹಾಗೇ ತರಬೇಡಿ. ಮುದ್ರೆ ಚಿತ್ರದ ಮೇಲೆ ಬೀಳದಿರಲಿ, ಶಾಯಿ ಆರುವ ತನಕ ಒಂದು ಚೀಟಿ ಮಧ್ಯೆ ಇಡಿ.

ತಂತ್ರಾಂಶದ ಪ್ರಶ್ನೆಗೆ ಮೊದಲು ಗಡಿಯಾರ ನೋಡಿ. ತರಗತಿಗೆ ಸುಮಾರು 39 ಮಕ್ಕಳು. ದೊಡ್ಡ ರಿಜಿಸ್ಟರಿನಲ್ಲಿ ಹೆಸರು, ಪುಸ್ತಕ, ನಂಬರು, ಸಹಿ ಬರೆಯಲು ಒಬ್ಬರಿಗೆ 40 ಸೆಕೆಂಡ್ ಹಿಡಿದರೂ 26 ನಿಮಿಷ ಹೋಯಿತು. ಪುಸ್ತಕ ಆರಿಸಲು ಉಳಿಯುವುದು 14. ಜೇಬು-ಕಾರ್ಡ್ ಪದ್ಧತಿಯಲ್ಲಿ ಹತ್ತೇ ನಿಮಿಷದ ಕೆಲಸ. ಹಿಂದಿನ ರಟ್ಟಿನ ಒಳಗೆ ಕಾಗದದ ಜೇಬು, ಅದರಲ್ಲಿ ಶೀರ್ಷಿಕೆ ಮತ್ತು ನಂಬರು ಇರುವ ಕಾರ್ಡ್. ಮಗು ಕಾರ್ಡಿನಲ್ಲಿ ತನ್ನ ಹೆಸರು ಬರೆದು ತರಗತಿಯ ಡಬ್ಬಿಗೆ ಹಾಕುತ್ತದೆ, ಹಿಂತಿರುಗಿಸಿದಾಗ ಕಾರ್ಡ್ ಜೇಬಿಗೆ ವಾಪಸ್. ಡಬ್ಬಿಯಲ್ಲಿ ಉಳಿದಿರುವ ಕಾರ್ಡುಗಳೇ ನಿಮ್ಮ ಬಾಕಿ ಪಟ್ಟಿ. ಇದು ಕೆಡುವುದು ಒಂದೇ ಕಡೆ, ಕಾರ್ಡ್ ತಪ್ಪು ಪುಸ್ತಕದ ಜೇಬಿಗೆ ಹೋದಾಗ. ಹೆಸರು ನೋಡಿ ಹಾಕಬಾರದು, ನಂಬರು ನೋಡಿ ಹಾಕಬೇಕು. ಒಂದೇ ಶೀರ್ಷಿಕೆಯ ಐದು ಪ್ರತಿ ಇದ್ದಾಗ ಇದು ಅನುಭವಕ್ಕೆ ಬರುತ್ತದೆ.

ಕಂಪ್ಯೂಟರಿಗೆ ಹೋಗುವುದಾದರೆ ಕೋಹಾ ಎಂಬುದು ಗ್ರಂಥಾಲಯಗಳ ಮುಕ್ತ ತಂತ್ರಾಂಶ, ಕನ್ನಡವನ್ನು ಯೂನಿಕೋಡಿನಲ್ಲಿ ಚೆನ್ನಾಗಿ ನಿಭಾಯಿಸುತ್ತದೆ. ಆದರೆ ಸರ್ವರ್ ನೋಡಿಕೊಳ್ಳುವವರು ಬೇಕು. 3,000 ಪುಸ್ತಕಕ್ಕೆ ಸ್ಪ್ರೆಡ್‌ಶೀಟ್ ಧಾರಾಳ ಸಾಕು. ಮೂರು ಎಚ್ಚರಿಕೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿ ಯೂನಿಕೋಡ್ ಅಲ್ಲ, ಅದರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಮೊದಲು ಪರಿವರ್ತಿಸಿ. ಎರಡನೆಯದು, ಕೆಲವು ತಂತ್ರಾಂಶಗಳು ಅಕ್ಷರಗಳನ್ನು ಯೂನಿಕೋಡ್ ಸಂಖ್ಯೆಯ ಕ್ರಮದಲ್ಲೇ ಜೋಡಿಸುತ್ತವೆ. ಅಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ಹ’ದ ನಂತರವಲ್ಲ. ಹಾಗಾಗಿ ‘ಕಳ’ ಎಂಬುದು ‘ಕವ’ಗಿಂತ ಮೊದಲು ಬರುತ್ತದೆ. ಕಪಾಟೂ ಪಟ್ಟಿಯೂ ಒಂದೇ ಕ್ರಮದಲ್ಲಿರಲಿ, ಯಾವುದಾದರೂ ಸರಿ. ಮೂರನೆಯದು, ಹಿಂಬದಿಯಲ್ಲಿ ಅಚ್ಚಾಗಿರುವ ಐಎಸ್‌ಬಿಎನ್ ಬಾರ್‌ಕೋಡನ್ನೇ ಎರವಲಿಗೆ ಬಳಸಬೇಡಿ. ಅದು ಆವೃತ್ತಿಯ ಗುರುತು, ಪ್ರತಿಯದಲ್ಲ. ಐದೂ ಪ್ರತಿಗೆ ಅದೊಂದೇ ಇರುತ್ತದೆ, ಯಾವ ಪ್ರತಿ ಯಾರ ಬಳಿ ಇದೆ ಎಂದು ತಿಳಿಯುವುದಿಲ್ಲ.

ಮೂಲೆ ಮೇಜು

ಜೋಡಣೆಯ ಬಗ್ಗೆ ಯಾರೂ ಹೇಳಲಿಲ್ಲ. ಡ್ಯೂಯಿ ದಶಮಾಂಶ ಪದ್ಧತಿ 1876ರದ್ದು, ಜ್ಞಾನವನ್ನೆಲ್ಲ 000ರಿಂದ 900ರವರೆಗೆ ಹತ್ತು ವರ್ಗ ಮಾಡುತ್ತದೆ. ಪೂರ್ತಿ ಅನುಸರಿಸಿದರೆ ಮಕ್ಕಳ ಕಥೆಗಳು ಭಾಷಾವಾರು ಸಾಹಿತ್ಯದ ಸಂಖ್ಯೆಯಲ್ಲಿ ಹೂತುಹೋಗುತ್ತವೆ. ಜಾನಪದ ಕಥೆಗಳಂತೂ 398.2, ಅಂದರೆ ಸಮಾಜ ವಿಜ್ಞಾನಗಳ ವರ್ಗದಲ್ಲಿ. ಮಗು ಅಲ್ಲಿ ಹುಡುಕೀತೇ?

ಕಥೆಗಳನ್ನು ಭಾಷೆ ಮತ್ತು ಬಗೆಯ ಪ್ರಕಾರ ಇಡಿ. ಮಾಹಿತಿ ಪುಸ್ತಕಕ್ಕೆ ಮಾತ್ರ ಡ್ಯೂಯಿ, ಅದೂ ಮೂರು ಅಂಕಿಗೆ ನಿಲ್ಲಿಸಿ: 523 ಆಕಾಶಕಾಯಗಳು, 599 ಸಸ್ತನಿಗಳು, 796 ಆಟೋಟ. ದಶಮಾಂಶ ಬಂದರೆ ತೊಂದರೆಯೂ ಬಂತು. 598.12 ಮತ್ತು 598.9 ಕೊಟ್ಟರೆ ಮಕ್ಕಳೂ ಸ್ವಯಂಸೇವಕರೂ 9 ಚಿಕ್ಕದು, 12 ದೊಡ್ಡದು ಎಂದು 598.9ನ್ನು ಮೊದಲು ಇಡುತ್ತಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಓದಬೇಕು, 1 ಎಂಬುದು 9ಕ್ಕಿಂತ ಮೊದಲು.

ಬೆನ್ನಿನ ಚೀಟಿಯಲ್ಲಿ ಲೇಖಕರ ಹೆಸರಿನ ಮೊದಲ ಅಕ್ಷರ ಹಾಕುವಾಗ ಇನಿಷಿಯಲ್ ಬಿಟ್ಟು ಹೆಸರನ್ನೇ ಹಿಡಿಯಿರಿ, ಕಾವ್ಯನಾಮವೇ ಪ್ರಸಿದ್ಧವಾಗಿದ್ದರೆ ಅದನ್ನು. ಒಮ್ಮೆ ಹಾಗೆ, ಒಮ್ಮೆ ಹೀಗೆ ಮಾಡಿದರೆ ಒಬ್ಬರೇ ಲೇಖಕರು ಮೂರು ಕಪಾಟಿನಲ್ಲಿ ಹಂಚಿಹೋಗುತ್ತಾರೆ. ಚೀಟಿಯ ಕೆಳ ಅಂಚು ಪುಸ್ತಕದ ತಳದಿಂದ 2.5 ಸೆಂ.ಮೀ. ಮೇಲಿರಲಿ, ಆಗ ಸಾಲು ನೋಡಲು ಕಣ್ಣು ಏರಿಳಿಯಬೇಕಿಲ್ಲ.

ಬಗೆ ಗುರುತಿಸಲು ಬಣ್ಣದ ಪಟ್ಟಿ ಹಚ್ಚುವುದಾದರೆ ಕೆಂಪು, ಹಸಿರು ಎರಡನ್ನೂ ಬಳಸಬೇಡಿ. ಆ ವ್ಯತ್ಯಾಸ ಕಾಣದ ಮಕ್ಕಳಿರುತ್ತಾರೆ, ಹುಡುಗರಲ್ಲಿ ಹೆಚ್ಚು. ಬಣ್ಣದ ಜೊತೆ ಒಂದು ಆಕಾರವೂ ಇರಲಿ.

ಕಪಾಟಿನಂಚು

ಜಾಗದ ಲೆಕ್ಕ ಬಿಟ್ಟಿದ್ದೆ. 90 ಸೆಂ.ಮೀ. ಅಗಲದ ಹಲಗೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಸರಾಸರಿ ಒಂದು ಸೆಂ.ಮೀ. ದಪ್ಪವೆಂದರೆ ಹಲಗೆಗೆ 60ರಿಂದ 65 ಪುಸ್ತಕ. ಜರಡಿಯ ನಂತರ 2,400 ಉಳಿದರೆ 40 ಹಲಗೆ, ಅಂದರೆ ನಾಲ್ಕು ಹಂತದ ಹತ್ತು ರ‍್ಯಾಕ್. ಕಿಕ್ಕಿರಿದು ತುಂಬಿದರೆ ಮಗು ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯುತ್ತದೆ, ರಟ್ಟು ಮೊದಲು ಕಿತ್ತುಬರುವುದು ಅಲ್ಲಿಂದಲೇ. ಚಿಕ್ಕ ತರಗತಿಯವರ ರ‍್ಯಾಕ್ 120 ಸೆಂ.ಮೀ. ದಾಟದಿರಲಿ. ತೆಳು ಚಿತ್ರಪುಸ್ತಕಕ್ಕೆ ಕಾಣುವಂಥ ಬೆನ್ನೇ ಇರುವುದಿಲ್ಲ, ಅವನ್ನು ಮುಖ ಮುಂದೆ ಮಾಡಿ ಬುಟ್ಟಿ ಅಥವಾ ಪೆಟ್ಟಿಗೆಯಲ್ಲಿ ನಿಲ್ಲಿಸಿ.

ಶಿಸ್ತಿನ ಸಿಪಾಯಿ

ದಂಡ ಬೇಡ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಚಿಕ್ಕದಾದರೂ ದಂಡ ಇರಲೇಬೇಕು. ಇಲ್ಲದಿದ್ದರೆ ಪುಸ್ತಕ ವಾಪಸ್ ಬರುವುದಿಲ್ಲ.

ಲೆಕ್ಕದ ಪುಸ್ತಕ

ಸಿಪಾಯಿಯವರೇ, ದಂಡ ಕಟ್ಟುವವರು ಪೋಷಕರು, ನಾಚಿಕೆಪಡುವುದು ಮಗು. ದಂಡ ಬೆಳೆದಷ್ಟೂ ಮಗು ಗ್ರಂಥಾಲಯದ ಬಾಗಿಲನ್ನೇ ತಪ್ಪಿಸಿಕೊಂಡು ಓಡಾಡುತ್ತದೆ, ಪುಸ್ತಕವೂ ಮನೆಯಲ್ಲೇ ಉಳಿಯುತ್ತದೆ. ಅಮೆರಿಕದ ಗ್ರಂಥಾಲಯ ಸಂಘವೇ 2019ರಲ್ಲಿ ಹಣದ ದಂಡ ಅಸಮಾನತೆಗೆ ದಾರಿ ಎಂದು ನಿರ್ಣಯ ಮಾಡಿತು. ಅದಕ್ಕೆ ಬದಲಾಗಿ ಅವಧಿಯನ್ನು ಪೀರಿಯಡ್ಡಿಗೆ ಕಟ್ಟಿ: ಈ ಮಂಗಳವಾರ ತೆಗೆದುಕೊಂಡದ್ದು ಮುಂದಿನ ಮಂಗಳವಾರ ವಾಪಸ್. ಆಗ ತಾರೀಖು ನೆನಪಿಡುವ ಗೊಡವೆಯೇ ಇಲ್ಲ. ತರದ ಮಗುವಿಗೆ ಹೊಸದು ಮನೆಗಿಲ್ಲ, ಅಲ್ಲೇ ಕೂತು ಎಷ್ಟಾದರೂ ಓದಬಹುದು. ಕಳೆದುಹೋದರೆ ಅದೇ ಪುಸ್ತಕ, ಸಿಗದಿದ್ದರೆ ನೀವು ಒಪ್ಪಿದ ಇನ್ನೊಂದು.

ಶಿಸ್ತಿನ ಸಿಪಾಯಿ

ಅವಧಿಯನ್ನು ಪೀರಿಯಡ್ಡಿಗೆ ಕಟ್ಟುವುದು ಒಪ್ಪಿದೆ. ಆದರೆ ಹತ್ತನೇ ತರಗತಿಯವರು ದಪ್ಪ ಕಾದಂಬರಿಯನ್ನು ವಾರದಲ್ಲಿ ಮುಗಿಸುವುದಿಲ್ಲ. ದೊಡ್ಡವರಿಗೆ ಎರಡು ವಾರ ಕೊಡಿ.

ಸರದಿ ಪಟ್ಟಿ

ಸ್ವಯಂಸೇವಕರ ವಿಷಯ. ಹನ್ನೆರಡೂ ಮಂದಿಯನ್ನು ಮೊದಲ ವಾರವೇ ಕರೆದರೆ ಕೋಣೆ ತುಂಬುತ್ತದೆ, ಎರಡು ತಿಂಗಳಲ್ಲಿ ಮೂವರು ಉಳಿಯುತ್ತಾರೆ. ಇಬ್ಬಿಬ್ಬರಂತೆ ಆರು ಜೋಡಿ, ಒಂದೊಂದು ಜೋಡಿಗೆ ಹದಿನೈದು ದಿನಕ್ಕೊಮ್ಮೆ 90 ನಿಮಿಷ. ವಾರಕ್ಕೆ ಮೂರು ಪಾಳಿ ಆಯಿತು, ಯಾರಿಗೂ ಹೊರೆಯಲ್ಲ. ಜೋಡಿಯಲ್ಲಿ ಒಬ್ಬರು ಬರದಿದ್ದರೂ ಕೆಲಸ ನಿಲ್ಲುವುದಿಲ್ಲ.

ಬಂದವರು "ಏನು ಮಾಡಲಿ?" ಎಂದು ಕೇಳುವಂತಾಗಬಾರದು. ಪೋಸ್ಟ್‌ಕಾರ್ಡ್ ಅಳತೆಯ ಕಾರ್ಡುಗಳಲ್ಲಿ ಒಂದೊಂದು ಕೆಲಸ ಬರೆದಿಡಿ: ಏನು, ಸಾಮಾನು ಎಲ್ಲಿದೆ, ಮುಗಿದಾಗ ಹೇಗೆ ಕಾಣಬೇಕು. ‘ಹೊದಿಕೆ: ಹತ್ತು ಪುಸ್ತಕ’, ‘599ರ ಸಾಲು ಕ್ರಮ ನೋಡುವುದು’, ‘ಮುಂದಿನ ತರಗತಿಯ ಕಾರ್ಡು ತೆಗೆದಿಡುವುದು’. ಹೊದಿಕೆ ಹಾಕಲು ಪಳಗಿದ ಕೈಗೂ ಪುಸ್ತಕಕ್ಕೆ ಆರೇಳು ನಿಮಿಷ ಬೇಕು, ಆದ್ದರಿಂದ ಪಾಳಿಗೆ ಹತ್ತಕ್ಕಿಂತ ಹೆಚ್ಚು ಕೊಡಬೇಡಿ.

ಕಪಾಟಿಗೆ ಪುಸ್ತಕ ಸೇರಿಸುವುದನ್ನು ಹೊಸಬರಿಗೆ ನೇರವಾಗಿ ಬಿಡಬಾರದು. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಮೊದಲ ನಾಲ್ಕು ಪಾಳಿ ಅವರು ಇಟ್ಟ ಪ್ರತಿ ಪುಸ್ತಕದಲ್ಲೂ ಮೇಲಕ್ಕೆ ಕಾಣುವಂತೆ ಉದ್ದನೆಯ ಕಾಗದದ ಪಟ್ಟಿ ಇರಲಿ. ಬಲ್ಲವರು ನೋಡಿ ಪಟ್ಟಿ ತೆಗೆಯಲಿ.

ಎರಡು ನಿಯಮ ಮೊದಲ ದಿನವೇ ಬರೆದುಕೊಡಿ. ಯಾವ ಮಗು ಏನು ಓದುತ್ತದೆ ಎಂಬುದು ಕೋಣೆಯಿಂದ ಹೊರಗೆ ಹೋಗಬಾರದು, "ನಿಮ್ಮ ಮಗ ಇನ್ನೂ ಚಿತ್ರಪುಸ್ತಕವೇ ಓದ್ತಾನಲ್ಲ" ಎಂಬ ಮಾತು ಒಂದು ಮನೆಗೆ ತಲುಪಿದರೂ ಸಾಕು, ಆ ಹುಡುಗ ಪುಸ್ತಕ ಮುಟ್ಟುವುದಿಲ್ಲ. ಮತ್ತು, ಯಾವ ಸ್ವಯಂಸೇವಕರೂ ಒಂಟಿ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿರಬಾರದು, ಬಂದು ಹೋದ ಸಮಯ ಪುಸ್ತಕದಲ್ಲಿ ಬರೆಯಬೇಕು.

ಹೊಸ ಉಸ್ತುವಾರಿ

ಜೇಬು-ಕಾರ್ಡ್ ಪದ್ಧತಿಯೇ ಸರಿ ಎನಿಸುತ್ತಿದೆ. ಮೇಳದ ಬಗ್ಗೆ ಹೇಳಿ. ಎಷ್ಟು ದಿನ, ಎಷ್ಟು ಪುಸ್ತಕ?

ಮೇಳದ ಮೇಸ್ತ್ರಿ

ಎಂಟು ವಾರ ಮೊದಲೇ ಶುರು ಮಾಡಿ. ಪೋಷಕರ ಸಭೆ ಇರುವ ವಾರ ಆರಿಸಿದರೆ ಅರ್ಧ ಪ್ರಚಾರ ತಾನಾಗಿ ಆಯಿತು, ಪರೀಕ್ಷೆಯ ಹಿಂದುಮುಂದಿನ ವಾರ ಬೇಡ.

ಮಾರಾಟಗಾರರೊಂದಿಗೆ ಮಾತು ಕಾಗದದ ಮೇಲಿರಲಿ: ಮಾರಾಟವಾಗದ್ದು ವಾಪಸ್ ಎಂಬ ಷರತ್ತು, ಸಾಗಣೆ ಯಾರದು, ಹಾಳಾದ ಪ್ರತಿ ಯಾರ ತಲೆಗೆ, ಶಾಲೆಯ ಪಾಲು ಹಣವೋ ಪುಸ್ತಕವೋ. ಪುಸ್ತಕವಾಗಿ ಪಡೆದರೆ ಸಾಮಾನ್ಯವಾಗಿ ಪಾಲು ಹೆಚ್ಚು ಸಿಗುತ್ತದೆ, ಆದರೆ ಆಯ್ಕೆ ನಿಮ್ಮದೇ ಎಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ಮಾರಾಟವಾಗದೆ ಉಳಿದದ್ದೇ ನಿಮ್ಮ ಪಾಲಿಗೆ ಬರುತ್ತದೆ. ಶೀರ್ಷಿಕೆಗಳ ಪಟ್ಟಿ ಮೂರು ವಾರ ಮೊದಲು ಕೈಗೆ ಬರಬೇಕು.

ಮೇಜಿನ ಲೆಕ್ಕ ಹೀಗೆ. 180 × 75 ಸೆಂ.ಮೀ. ಮೇಜಿನ ಮೇಲೆ ಮುಖ ಕಾಣುವಂತೆ ಎಂಟರ ಮೂರು ಸಾಲು, 24 ಶೀರ್ಷಿಕೆ. ಹತ್ತು ಮೇಜಿಗೆ 240. ಒಂದೊಂದರ ನಾಲ್ಕೈದು ಪ್ರತಿ ಒಂದರ ಮೇಲೊಂದು, ಉಳಿದದ್ದು ಮೇಜಿನಡಿ ಪೆಟ್ಟಿಗೆಯಲ್ಲಿ. ಇದಕ್ಕಿಂತ ಹೆಚ್ಚು ಶೀರ್ಷಿಕೆ ತಂದರೆ ಮಕ್ಕಳು ನೋಡಿ ಮುಗಿಸುವುದೇ ಇಲ್ಲ.

ಸಮಯದ ಲೆಕ್ಕ. ಒಮ್ಮೆಗೆ ಅರ್ಧ ತರಗತಿ, 20 ನಿಮಿಷ. 16 ತರಗತಿಗೆ 32 ಸರದಿ, ಒಟ್ಟು 640 ನಿಮಿಷ, ಮೂರು ದಿನಕ್ಕೆ ಹಂಚಿದರೆ ದಿನಕ್ಕೆ ಮೂರೂವರೆ ಗಂಟೆ. ಮೊದಲ ದಿನ ಬರೀ ನೋಡುವುದು ಮತ್ತು ಇಷ್ಟದ ಪಟ್ಟಿ ಬರೆಯುವುದು ಎಂದು ಮಾಡಿದರೆ ಇನ್ನೂ ಒಳ್ಳೆಯದು, ಆಗ ಒಂದು ದಿನ ಹೆಚ್ಚು ಬೇಕು. ಆ ಪಟ್ಟಿಯಿಂದ ನಿಮ್ಮ ಮುಂದಿನ ಖರೀದಿಯೂ ಗೊತ್ತಾಗುತ್ತದೆ, ಪುಸ್ತಕ ಕೊಳ್ಳದ ಮಗುವಿನ ಮನಸ್ಸೂ ತಿಳಿಯುತ್ತದೆ.

ಪೆಟ್ಟಿಗೆ ಬಂದ ಗಳಿಗೆಯಲ್ಲೇ, ತಂದವರು ಎದುರಿಗಿರುವಾಗಲೇ, ಸರಬರಾಜು ಚೀಟಿಯೊಂದಿಗೆ ಎಣಿಸಿ. ಮಾರಾಟ = ಬಂದದ್ದು − ಉಳಿದದ್ದು, ಎಣಿಕೆ ತಪ್ಪಿದರೆ ವ್ಯತ್ಯಾಸ ಪೂರ್ತಿ ಶಾಲೆಯ ತಲೆಗೆ. ಪ್ರತಿ ಪುಸ್ತಕದಲ್ಲಿ ಒಂದು ಚೀಟಿ ಇಟ್ಟು ಹಣ ಪಡೆದಾಗ ಕಿತ್ತುಕೊಂಡರೆ ಸಂಜೆ ಚೀಟಿಗೂ ನಗದಿಗೂ ತಾಳೆ ನೋಡಬಹುದು. ಎಣಿಕೆಗೆ ಇಬ್ಬರ ಸಹಿ. ಹಣದ ಮೇಜು ಬಾಗಿಲ ಬಳಿ, ಬಾಗಿಲು ಒಂದೇ. ಚಿಲ್ಲರೆ ಮೊದಲೇ ತಂದಿಟ್ಟುಕೊಳ್ಳಿ, ಮೊದಲ ಗಂಟೆಯಲ್ಲಿ ಬರುವುದೆಲ್ಲ ದೊಡ್ಡ ನೋಟೇ.

ರಬ್ಬರು, ಹೊಳೆಯುವ ಪೆನ್ನು, ಸ್ಟಿಕ್ಕರು ಇಡಲು ಮಾರಾಟಗಾರರು ಕೇಳುತ್ತಾರೆ. ಬೇಡ ಎನ್ನಿ. ಮಗು ತಂದ ಹಣ ಮೊದಲು ಹೋಗುವುದು ಅಲ್ಲಿಗೆ.

ಮೂಲೆ ಮೇಜು

ಹಣ ತರದ ಮಕ್ಕಳ ಗತಿ? ಮೇಸ್ತ್ರಿಯವರ ಮೇಳದಲ್ಲಿ ಅವರು 20 ನಿಮಿಷ ಕೈಕಟ್ಟಿ ನಿಲ್ಲಬೇಕು.

ಮೇಳದ ಮೇಸ್ತ್ರಿ

ಸರಿಯಾದ ಪ್ರಶ್ನೆ. ಕೂಪನ್ ಮಾಡಿ, ಆದರೆ ಹಣ ತಂದವರೂ ಅದೇ ಕೂಪನ್ ಬಳಸಬೇಕು. ಪೋಷಕರು ಮೊದಲೇ ಲಕೋಟೆಯಲ್ಲಿ ಹಣ ಕಳಿಸುತ್ತಾರೆ, ತರಗತಿಯಲ್ಲಿ ಎಲ್ಲರಿಗೂ ಒಂದೇ ಬಣ್ಣದ ಕೂಪನ್ ಸಿಗುತ್ತದೆ. ಯಾರದು ಮನೆಯಿಂದ, ಯಾರದು ಶಾಲೆಯಿಂದ ಎಂದು ಗೊತ್ತಾಗುವುದಿಲ್ಲ. ಹೆಸರು ಕೂಗಿ ಕೊಟ್ಟರೆ ಮಾಡಿದ್ದೆಲ್ಲ ನೀರುಪಾಲು.

ಅದೂ ಆಗದಿದ್ದರೆ ವಿನಿಮಯ ಮೇಳ. ಮನೆಯಲ್ಲಿ ಓದಿ ಮುಗಿದ ಪುಸ್ತಕವನ್ನು ಒಂದು ವಾರ ಮೊದಲು ತರಬೇಕು, ಪುಸ್ತಕಕ್ಕೊಂದು ಟೋಕನ್, ಒಬ್ಬರಿಗೆ ಹೆಚ್ಚೆಂದರೆ ಐದು. ತರದವರಿಗೂ ಒಂದು ಟೋಕನ್ ಇದ್ದೇ ಇದೆ. ಅದಕ್ಕಾಗಿ ಕನಿಷ್ಠ ನೂರೈವತ್ತು ಪುಸ್ತಕ ಶಾಲೆಯ ಕಡೆಯಿಂದ ಸೇರಿಸಿ, ಜರಡಿಯಲ್ಲಿ ಹೆಚ್ಚುವರಿ ಪ್ರತಿ ಎಂದು ತೆಗೆದವು ಆಗಬಹುದು. ಹರಿದದ್ದು, ಪಠ್ಯಪುಸ್ತಕ, ಬರೆದು ತುಂಬಿಸಿದ ಅಭ್ಯಾಸ ಪುಸ್ತಕ ಇವಕ್ಕೆ ಟೋಕನ್ ಇಲ್ಲ ಎಂದು ಮೊದಲೇ ತಿಳಿಸಿ. ಚಿಕ್ಕವರಿಗೆ ಮೊದಲ ಸರದಿ ಕೊಡಿ, ದೊಡ್ಡವರು ಮೊದಲು ಬಂದರೆ ತಮ್ಮ ತಂಗಿಯರಿಗೆಂದು ಚಿತ್ರಪುಸ್ತಕವನ್ನೆಲ್ಲ ಎತ್ತಿಕೊಂಡು ಹೋಗುತ್ತಾರೆ.

ಮುಂದಿನ ಪುಟ

ಕೊನೆಯ ಪ್ರಶ್ನೆಗೆ, "ಯಾವ ಪುಸ್ತಕ ಓದಲಿ?"

"ನಿನಗೆ ಎಂಥ ಪುಸ್ತಕ ಇಷ್ಟ?" ಎಂದು ಮರುಪ್ರಶ್ನೆ ಹಾಕಬೇಡಿ. ಹೆಚ್ಚಿನ ಮಕ್ಕಳಿಗೆ ಉತ್ತರ ಗೊತ್ತಿಲ್ಲ, "ಕಥೆ" ಎಂದು ಸುಮ್ಮನಾಗುತ್ತವೆ. "ಕೊನೆಗೆ ಓದಿದ್ದರಲ್ಲಿ ಯಾವ ಭಾಗ ಚೆನ್ನಾಗಿತ್ತು?" ಎಂದು ಕೇಳಿ. ನಗು ಬಂದ ಭಾಗವೋ, ಹೆದರಿಕೆಯದೋ, ಏನೋ ಒಂದು ಮಾಡಿ ನೋಡುವಂಥದ್ದೋ? ಏನೂ ಓದಿಲ್ಲ ಎಂದರೆ ನೋಡಿದ ಸಿನಿಮಾ ಅಥವಾ ಆಡುವ ಆಟದ ಬಗ್ಗೆ ಕೇಳಿ. ಆಮೇಲೆ ಒಂದಲ್ಲ, ಮೂರು ಪುಸ್ತಕ ಕೈಗಿಡಿ: ಒಂದು ಅದೇ ಬಗೆಯದು, ಒಂದು ಪಕ್ಕದ್ದು, ಒಂದು ಪೂರ್ತಿ ಬೇರೆ. ಅಲ್ಲಿಂದ ಸರಿದುಬಿಡಿ. ಎದುರಿಗೇ ನಿಂತರೆ ನಿಮ್ಮನ್ನು ಮೆಚ್ಚಿಸಲು ಒಂದನ್ನು ಎತ್ತಿಕೊಂಡು ಹೋಗಿ ಓದದೆ ತಂದುಕೊಡುತ್ತದೆ.

ಐದು ಬೆರಳಿನ ಪರೀಕ್ಷೆ ಕಲಿಸಿಕೊಡಿ. ಯಾವುದಾದರೂ ಒಂದು ಪುಟ ಓದುತ್ತ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸುವುದು, ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಸದ್ಯಕ್ಕೆ ಕಷ್ಟ. ಪುಟಕ್ಕೆ ಇಪ್ಪತ್ತೇ ಪದವಿರುವ ಚಿತ್ರಪುಸ್ತಕಕ್ಕೆ ಇದು ಹೊಂದುವುದಿಲ್ಲ. ಡೈನೋಸಾರ್ ಹುಚ್ಚಿರುವ ಮಗುವಿಗೂ ಅಡ್ಡ ಬರಬಾರದು, ಆಸಕ್ತಿ ಇದ್ದಲ್ಲಿ ಹತ್ತು ಬೆರಳು ಮಡಚಿದರೂ ಓದುತ್ತದೆ. ಓದಿನ ಮಟ್ಟದ ಗುರುತನ್ನು ಬೆನ್ನಿನ ಮೇಲೆ ಅಂಟಿಸಬೇಡಿ, ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದರೆ ಸಾಕು.

ಪೀರಿಯಡ್ಡಿನ ಮೊದಲ ಐದು ನಿಮಿಷ ಮೂರು ಪುಸ್ತಕದ ಪರಿಚಯ, ಒಂದಕ್ಕೆ 90 ಸೆಕೆಂಡ್. ಕಥೆ ಹೇಳಬೇಡಿ, ಸಿಕ್ಕಿಬಿದ್ದ ಜಾಗದಲ್ಲಿ ನಿಲ್ಲಿಸಿ. ಆ ಪುಸ್ತಕದ ಪ್ರತಿ ಕೈಯಲ್ಲಿ ಇರಲೇಬೇಕು, ಸಾಧ್ಯವಾದರೆ ಎರಡು. ಹೊರಗೆ ಹೋಗಿರುವ ಪುಸ್ತಕವನ್ನು ಹೊಗಳಿದರೆ ಉಳಿಯುವುದು ನಿರಾಸೆ.

ಮಕ್ಕಳೇ ಬರೆದ ಶಿಫಾರಸು ಚೀಟಿ ಶಿಕ್ಷಕರ ಮಾತಿಗಿಂತ ಹೆಚ್ಚು ಪುಸ್ತಕ ಓಡಿಸುತ್ತದೆ. ‘ಚೆನ್ನಾಗಿದೆ’ ಎಂಬ ಪದ ಬಳಸುವಂತಿಲ್ಲ ಎಂಬ ಒಂದೇ ನಿಯಮ ಇಡಿ. "ಯಾರಿಗೆ ಕೊಡಬೇಕು?" ಎಂಬ ಸಾಲು ಕಡ್ಡಾಯ. ಚೀಟಿ ಹಲಗೆಯಂಚಿಗೆ, ಪುಸ್ತಕದ ಕೆಳಗೇ ಅಂಟಿಸಿ, ಗೋಡೆಯ ಮೇಲಲ್ಲ.

ಸರಣಿ ಪುಸ್ತಕಗಳಲ್ಲಿ ಒಂದನೇ ಭಾಗವೇ ಹೆಚ್ಚು ಕೈ ಬದಲಿಸುವುದು, ಮೊದಲು ಕಳೆದುಹೋಗುವುದೂ ಅದೇ. ಅದಿಲ್ಲದೆ ಉಳಿದವು ಧೂಳು ಹಿಡಿಯುತ್ತವೆ. ಒಂದನೇ ಭಾಗದ ಎರಡು ಪ್ರತಿ ಇಟ್ಟುಕೊಳ್ಳಿ. ಎರಡು ವರ್ಷದಿಂದ ಕಾರ್ಡಿನಲ್ಲಿ ಹೆಸರು ಬೀಳದ ಪುಸ್ತಕವನ್ನು ‘ತೆಗೆ’ ರಾಶಿಗೆ ಹಾಕುವ ಮೊದಲು ಒಂದು ತಿಂಗಳು ಮುಖ ಕಾಣುವಂತೆ ಬಾಗಿಲ ಬಳಿ ಇಟ್ಟು ನೋಡಿ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದೂ ಒಂದು. ಆ ಓದುಗ ಹಿಂದಿನ ಸಾಲಿನವರೆಗೆ ಹೋಗದೇ ಇದ್ದಿರಬಹುದು.

ಹೊಸ ಉಸ್ತುವಾರಿ

ರಿಪೇರಿ ರಾಶಿಗೆ ಸೆಲೋಟೇಪ್ ಸಾಕಲ್ಲವೇ? ಜೊತೆಗೆ, ಬೀರುವಿನ ಕೆಳಹಂತದ ಕೆಲವು ನೀರು ಕುಡಿದಂತಿವೆ.

ಕಪಾಟಿನಂಚು

ಸೆಲೋಟೇಪ್ ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಅಂಟು ಕಾಗದದೊಳಗೆ ಇಳಿದು, ಟೇಪ್ ಉದುರಿ ಕಲೆ ಉಳಿಯುತ್ತದೆ. ಬಿಟ್ಟುಬಂದ ಹಾಳೆಗೆ ಬಿಳಿ ಪಿವಿಎ ಅಂಟನ್ನು ಒಳ ಅಂಚಿಗೆ 2-3 ಮಿ.ಮೀ. ಮಾತ್ರ ಸವರಿ, ಹಾಳೆಯನ್ನು ಸೇರಿಸಿ, ಎರಡೂ ಬದಿಗೆ ಮೇಣದ ಕಾಗದವಿಟ್ಟು ಒಂದು ರಾತ್ರಿ ಭಾರದಡಿ ಬಿಡಿ. ರಟ್ಟು ಸಡಿಲವಾಗಿದ್ದರೆ ಹೆಣಿಗೆ ಕಡ್ಡಿಗೆ ಅಂಟು ಸವರಿ ಬೆನ್ನಿನ ಸಂದಿಗೆ ಇಳಿಸಿ ತಿರುಗಿಸಿದರೆ ಸಮವಾಗಿ ಹತ್ತುತ್ತದೆ.

ನೀರು ಕುಡಿದದ್ದು ಈಗ ಒಣಗಿದೆಯೋ ಇನ್ನೂ ತೇವವೋ ನೋಡಿ. ತೇವವಿದ್ದರೆ ಬಿಸಿಲಿಗೆ ಇಡಬೇಡಿ, ಹಾಳೆ ಸೊಟ್ಟಗಾಗುತ್ತದೆ. ಹತ್ತಿಪ್ಪತ್ತು ಹಾಳೆಗೊಂದು ಹೀರುವ ಕಾಗದ ಇಟ್ಟು, ನಿಲ್ಲಿಸಿ, ಫ್ಯಾನ್ ಗಾಳಿಗೆ ಬಿಡಿ, ಕಾಗದ ಒದ್ದೆಯಾದಂತೆ ಬದಲಿಸಿ. ನುಣುಪು ಕಾಗದದ ಚಿತ್ರಪುಸ್ತಕ ಒದ್ದೆಯಾಗಿ ಅಂಟಿಕೊಂಡು ಒಣಗಿದ್ದರೆ ಬಿಡಿಸಲು ಹೋಗಬೇಡಿ, ಬಣ್ಣ ಕಿತ್ತುಬರುತ್ತದೆ. ಅದು ‘ತೆಗೆ’ ರಾಶಿಗೆ. ಬೀರುವನ್ನು ಗೋಡೆಯಿಂದ ಅಂಗೈಯಗಲ ಮುಂದಕ್ಕೆ ಎಳೆದು, ಕೆಳಗೆ ಇಟ್ಟಿಗೆಯಷ್ಟು ಎತ್ತರ ಕೊಟ್ಟ ಮೇಲೆಯೇ ಪುಸ್ತಕ ಮರಳಿ ಜೋಡಿಸಿ.